ಹೊಲವಿಲ್ಲದವಳ ಚರಗ

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಮನೆಯೊಳಗೆ ಕೂತು ಉಣ್ಣುವವರು ರೋಗಿಗಳು ಮತ್ತು ಜಗಳಗಂಟರು ಮಾತ್ರ. ಉಳಿದವರೆಲ್ಲ ಹೊಲದಲ್ಲಿರುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹಿಂಡಿ, ಮತ್ತು ಆ ಋತುವಿನ ಸೊಪ್ಪು ಕಾಳುಗಳನ್ನೆಲ್ಲ ಒಂದೇ ಗಡಿಗೆಯಲ್ಲಿ ಕುದಿಸಿದ ಬಜ್ಜಿ ಬುಟ್ಟಿಯಲ್ಲಿ ಹೊಲಕ್ಕೆ ಹೋಗುತ್ತವೆ. ಐದು ಕಲ್ಲುಗಳನ್ನು ಪಾಂಡವರೆಂದು ಕೂರಿಸಿ, ಸುಣ್ಣ ಬಳಿದು, ಅಡುಗೆಯ ಮೊದಲ ಪಾಲನ್ನು ನಿಂತ ಬೆಳೆಯ ಸಾಲುಗಳಲ್ಲಿ ಚೆಲ್ಲುತ್ತಾರೆ. ಅದೇ ಚರಗ, ಭೂಮಿಗೆ ಹಾಕುವ ಊಟ. ಭೂಮಿ ಉಂಡ ಮೇಲೆ ಮನುಷ್ಯರ ಸರದಿ. ಹೊಲವಿದ್ದವರು ಕರೆಯುತ್ತಾರೆ, ಹೊಲವಿಲ್ಲದವರು ಹೋಗಿ ಉಣ್ಣುತ್ತಾರೆ.

ನಾನು ಹುಟ್ಟಿದ್ದು ಆಳಂದ ತಾಲ್ಲೂಕಿನಲ್ಲಿ, ಕರೆಯುವವರ ಮನೆಯಲ್ಲಿ. ನಮ್ಮ ಹೊಲಕ್ಕೆ ಬರುತ್ತಿದ್ದ ಊರಾಚೆಯ ಓಣಿಯವರು ದೂರದ ಬದುವಿನ ಮೇಲೆ ಸಾಲಾಗಿ ಕೂರುತ್ತಿದ್ದರು. ನಮ್ಮವ್ವ ರೊಟ್ಟಿಯನ್ನು ಸ್ವಲ್ಪ ಎತ್ತರದಿಂದ ಅವರ ತಾಟಿಗೆ ಬಿಡುತ್ತಿದ್ದಳು. ರೊಟ್ಟಿ ತಾಟಿಗೆ ಬಿದ್ದಾಗ ಆಗುವ ಸದ್ದನ್ನು ನಾನು ಬಹಳ ವರ್ಷ ಔದಾರ್ಯದ ಸದ್ದೆಂದೇ ತಿಳಿದಿದ್ದೆ. ಕಾಲೇಜಿಗೆ ಹೋದ ಮೇಲೆ ಸಮಾನತೆಯ ಪರವಾಗಿ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದೆ, ಗೆದ್ದೆ. ಮದುವೆಯಾಗಿ ಅಫಜಲಪುರಕ್ಕೆ ಬಂದೆ. ಕೆಲಸ ಸಿಕ್ಕಿದ್ದು ಜೇವರ್ಗಿ ತಾಲ್ಲೂಕಿನ ಹಳ್ಳಿಗಳಲ್ಲಿ, ಊರೊಟ್ಟಿನ ಕೈತೋಟಗಳನ್ನು ಕಟ್ಟುವ ಕೆಲಸ. ಯಾವ ಹಳ್ಳಿಯ ಮಾತನ್ನು ಇಲ್ಲಿ ಹೇಳುತ್ತಿದ್ದೇನೆಂದು ಬರೆಯುವುದಿಲ್ಲ. ನೆಲೋಗಿಯಿಂದ ಬರುವ ಬಸ್ಸಿನಲ್ಲಿ ಕೂತ ಯಾರಾದರೂ ಅದು ತಮ್ಮೂರೇ ಎಂದುಕೊಂಡರೆ ನನ್ನ ತಕರಾರಿಲ್ಲ.

ಆ ಊರಿನಲ್ಲಿ ತೊಗರಿ, ಜೋಳ, ಹತ್ತಿ ಬೇಕಾದಷ್ಟು ಬೆಳೆಯುತ್ತಿತ್ತು. ಪಲ್ಯ ಬೆಳೆಯುತ್ತಿರಲಿಲ್ಲ. ಸೊಲ್ಲಾಪುರದ ಕಡೆಯಿಂದ ಬಂದ ಕೋಸು, ಬದನೆ ಜೇವರ್ಗಿಯ ಸಂತೆಯಲ್ಲಿ ಇಳಿದು, ಬಸ್ಸಿನ ಮೇಲೇರಿ, ಬಾಡಿಕೊಂಡು ಊರಿಗೆ ತಲುಪುತ್ತಿದ್ದವು. ಕರಿಮಣ್ಣಿನ ಮೇಲೆ ಬದುಕುವ ಜನ ಸೊಪ್ಪನ್ನು ಪೇಟೆಯಿಂದ ತರಿಸಿ ತಿನ್ನುವ ವಿಚಿತ್ರವನ್ನು ಯಾರೂ ವಿಚಿತ್ರವೆಂದು ಕಾಣುತ್ತಿರಲಿಲ್ಲ. ಅಂಗನವಾಡಿಯ ಮಕ್ಕಳ ಉಗುರು ರಕ್ತ ಸಾಲದೆ ಬಿಳಿಚಿಕೊಂಡಿದ್ದವು. ನೀರಿನ ಟಾಕಿಯ ಹಿಂದೆ ಗಾಯರಾಣದ, ಊರ ದನ ಮೇಯುವ ನೆಲದ, ಒಂದು ತುಂಡು ಇತ್ತು. ಟಾಕಿ ತುಂಬಿ ಹರಿದ ನೀರು ಅಲ್ಲಿ ನಿಂತು ಸೊಳ್ಳೆ ಸಾಕುತ್ತಿತ್ತು. ಆ ನೀರು, ಆ ನೆಲ, ಮನೆಮನೆಯ ತರಕಾರಿ ಸಿಪ್ಪೆ, ಹಟ್ಟಿಯ ಸಗಣಿ, ಇವು ನಾಲ್ಕೂ ಆಗಲೇ ಊರಿನವು. ಅವನ್ನು ಒಂದಕ್ಕೊಂದು ಪರಿಚಯಿಸಿದರೆ ಸಾಕು, ಊರು ತನ್ನನ್ನು ತಾನೇ ಉಣಿಸಿಕೊಳ್ಳುತ್ತದೆ. ನಾನು ಸಭೆಯಲ್ಲಿ ವಾದಿಸಿದ್ದು ಇಷ್ಟೇ. ಮಣ್ಣಿನಿಂದ ತೆಗೆದದ್ದನ್ನು ಮಣ್ಣಿಗೇ ಮರಳಿಸುವ ವ್ಯವಹಾರದಲ್ಲಿ ಯಾರೂ ಸೋಲುವುದಿಲ್ಲ ಎಂದೆ. ಆ ಮಾತನ್ನು ಇಂದಿಗೂ ಹಿಂತೆಗೆದುಕೊಂಡಿಲ್ಲ.

ಹೆಂಗಸರು ಬಂದರು. ದೊಡ್ಡ ಹೊಲಗಳ ಮನೆಯೊಡತಿ ಬಂದಳು. ಆಕೆಯನ್ನು ಊರೆಲ್ಲ ಸಾಹುಕಾರ್ತಿ ಎನ್ನುತ್ತಿತ್ತು. ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದ ಒಬ್ಬ ಅಜ್ಜಿ ಬಂದಳು. ಕಾಯಕ, ದಾಸೋಹ ಎಂಬ ಎರಡು ಮಾತಿಲ್ಲದೆ ಆಕೆಯ ಮಾತು ಮುಗಿಯುತ್ತಿರಲಿಲ್ಲ. ಹೊಲಿಗೆ ಯಂತ್ರ ಇಟ್ಟುಕೊಂಡ ಒಬ್ಬ ಬಾಯಿಬಡುಕಿ ಬಂದಳು. ಮತ್ತು ಊರಾಚೆಯ ಓಣಿಯಿಂದ, ಮೂರು ಹೆಣ್ಣುಮಕ್ಕಳ ತಾಯಿಯೊಬ್ಬಳು. ಬೇರೆಯವರ ಹೊಲದಲ್ಲಿ ಕಳೆ ಕಿತ್ತೇ ಬೆಳೆದವಳು, ಅಂಗೈಯಗಲದ ನೆಲವೂ ಇಲ್ಲದವಳು. ತೋಟದಲ್ಲಿ ಮನೆಗೊಂದು ಪಾತಿ ಎಂದು ಗೊತ್ತಾಗಿತ್ತು. ಪಾತಿ ಯಾಕೆ ಬೇಕೆಂದು ಎಲ್ಲರನ್ನೂ ಕೇಳಿದಂತೆ ಅವಳನ್ನೂ ಕೇಳಿದೆ. ಉಳಿದವರು ಮಕ್ಕಳು, ಆರೋಗ್ಯ, ಖರ್ಚು ಎಂದಿದ್ದರು. ಅವಳು ಸ್ವಲ್ಪ ನಾಚಿ, ಸೆರಗಿನ ತುದಿ ತಿರುವುತ್ತ ಹೇಳಿದಳು:

"ಎಳ್ಳಮಾಸಿಗಿ ಪ್ರತಿ ವರ್ಷ ಮಂದಿ ಕರೀತಾರ, ನಾವು ಹೋಗಿ ಉಂತೇವಿ. ಒಮ್ಮಿ ನಾ ಕರೀಬೇಕ್ರಿ ಅಕ್ಕಾರ. ನನ್ನ ಮಣ್ಣಾಗ ನಾ ಚರಗ ಚೆಲ್ಲಿ, ಇವರಿಗೆಲ್ಲ ನನ್ನ ಕೈಲೆ ಉಣಿಸಬೇಕು. ಅಷ್ಟ ನೋಡ್ರಿ ನಂದು."

ಸಭೆ ನಕ್ಕಿತು. ಕೆಟ್ಟ ನಗೆಯಲ್ಲ, ಮಗು ಚಂದ್ರನನ್ನು ಕೇಳಿದಾಗ ನಗುವಂಥ ನಗೆ. ಆ ನಗೆಯಲ್ಲಿ ನಿರಾಕರಣೆ ಇತ್ತೆಂದು ನಾನು ಗ್ರಹಿಸಲಿಲ್ಲ.

ಅದೇ ಸಭೆಯಲ್ಲಿ ಗೊಬ್ಬರದ ಗುಂಡಿಯ ನಿಯಮವೂ ಆಯಿತು. ಎಲ್ಲ ಮನೆಗೂ ಒಂದೇ ಗುಂಡಿ ಎಂದೆ. ಅಜ್ಜಿ ಕೈಯೆತ್ತಿದಳು.

"ಗುಂಡಿಗಿ ಹಸೀದಷ್ಟ ಹಾಕೂಣು. ಬೆಂದದ್ದು ಯಾರೂ ಹಾಕೂದು ಬ್ಯಾಡ."

ನನಗೆ ಹರ್ಷವಾಯಿತು. ಬೇಯಿಸಿದ, ಎಣ್ಣೆ ಉಪ್ಪು ಬಿದ್ದ ಅಡುಗೆ ಹಾಕಿದರೆ ಇಲಿ ಹೆಗ್ಗಣ ಬರುತ್ತವೆ, ನಾರುತ್ತದೆ. ಇದನ್ನು ಹೇಳಲು ನಾನೇ ಸಿದ್ಧಳಾಗಿ ಬಂದಿದ್ದೆ. ಕಾರಣಗಳನ್ನು ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ಅಷ್ಟು ಬೇಗ ಒಮ್ಮತ ಬಂದ ಸಭೆಯನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ಶಾಲೆಯ ಮುಖ ಕಾಣದ ಹೆಂಗಸರಿಗೆ ಕಾಂಪೋಸ್ಟಿನ ವಿಜ್ಞಾನ ಹುಟ್ಟಿನಿಂದಲೇ ಗೊತ್ತಿದೆ ಎಂದು ಅವತ್ತು ಸಂಜೆ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಹೇಳಿಕೊಂಡು ಹೋದೆ.

ತೋಟ ಎದ್ದಿತು. ಅತನೂರಿನ ತವರಿನಿಂದ ಒಬ್ಬಳು ಪುಂಡಿಪಲ್ಯದ ಬೀಜ ತಂದಳು. ಇಜೇರಿಯಿಂದ ಇನ್ನೊಬ್ಬಳು ಮುಳ್ಳುಬದನೆಯ ಸಸಿ ತಂದಳು. ಮೆಂತೆ, ರಾಜಗಿರಿ, ಉಳ್ಳಾಗಡ್ಡಿ ತಪ್ಪಲು, ಹೀರೆ, ಚವಳಿ. ಅಗೆಯುವುದು, ನೀರು ಹಾಯಿಸುವುದು ಎಲ್ಲ ಸರದಿಯ ಮೇಲೆ, ಕರೆ ಬಂದರೆ ಎಲ್ಲರೂ ಸಲಿಕೆ ಹಿಡಿದು ಬರಬೇಕು. ಕೊಯ್ದದ್ದು ಒಂದೇ ಬುಟ್ಟಿಗೆ. ಆ ಬುಟ್ಟಿಯಿಂದಲೇ ಎಲ್ಲ ಮನೆಗೆ ಪಾಲು, ಮಿಕ್ಕದ್ದು ಜೇವರ್ಗಿಯ ಸಂತೆಗೆ. ಊರಾಚೆಯವಳ ಮೆಂತೆ ಎಲ್ಲರದಕ್ಕಿಂತ ದಟ್ಟವಾಗಿ ಬಂತು. ಸಾಹುಕಾರ್ತಿ ಬುಟ್ಟಿಯಲ್ಲಿ ಕೈಯಾಡಿಸಿ ಅದೇ ಕಟ್ಟನ್ನು ಆರಿಸಿ ಒಯ್ಯುತ್ತಿದ್ದಳು. ಅಜ್ಜಿಯ ಪೂಜೆಯ ಮನೆಯಲ್ಲೂ ಅದೇ ಮೆಂತೆ ಬೇಯುತ್ತಿತ್ತು. ಮಕ್ಕಳು ಹಸಿ ಗಜ್ಜರಿಯನ್ನು ಮಣ್ಣು ಒರೆಸಿ ಕಚ್ಚುತ್ತಿದ್ದವು. ಸಂತೆಗೆ ಹೋಗುತ್ತಿದ್ದ ಹಣ ಊರಲ್ಲೇ ತಿರುಗತೊಡಗಿತು. ಒಬ್ಬಳ ಸೊಪ್ಪಿನ ಹಣ ಇನ್ನೊಬ್ಬಳ ಹೊಲಿಗೆಗೆ, ಹೊಲಿಗೆಯದು ಮತ್ತೊಬ್ಬಳ ಹಾಲಿಗೆ. ನನ್ನ ವಾದದ ಪ್ರತಿಯೊಂದು ವಾಕ್ಯಕ್ಕೂ ಆ ತೋಟ ಸಾಕ್ಷಿಯಾಗಿ ನಿಂತಿತು. ಹಾಗೆಂದು ನಂಬಲು ನನಗೆ ಎಲ್ಲ ಆಧಾರಗಳೂ ಇದ್ದವು.

ಎಳ್ಳಮಾವಾಸ್ಯೆಗೆ ಒಂದು ವಾರವಿದ್ದಾಗ ಊರಾಚೆಯವಳು ಎಲ್ಲರನ್ನೂ ಊಟಕ್ಕೆ ಕರೆದಳು. ತೋಟದಲ್ಲಿ ಕಳೆ ತೆಗೆಯುತ್ತಿದ್ದಾಗ, ಕೂತಲ್ಲೇ, ಒಬ್ಬೊಬ್ಬರ ಹೆಸರು ಹಿಡಿದು.

"ನಿಮ್ಮ ಹೊಲದ ಚರಗ ಮುಗಿಸ್ಕೊಂಡ, ಹೊತ್ತ ಇಳಿಯೂ ಮುಂದ ಬರ್ರಿ. ಹೊಟ್ಯಾಗ ಒಂದ ತುತ್ತಿನ ಜಾಗಾ ಇಟ್ಕೊಂಡ ಬರ್ರಿ."

ಹೊಲಿಗೆಯವಳು ಮೊದಲು ಬಾಯಿ ಬಿಟ್ಟಳು. "ಏನ್ ಬೇ, ಎಮ್ಮಿ ಮಲಗುವಷ್ಟು ಹೊಲಾ ಸಿಕ್ಕಿತಂತ ಗೌಡತಿ ಆದೇನ?"

"ಹೌದವ್ವ, ಆದೆ. ಬಂದು ನನ್ನ ಗೌಡಕಿ ನೋಡಿ ಹೋಗು."

"ಬರ್ತೇನಿ ತಗೋ. ಕುರ್ಚಿ ಹಾಕಸ್ತಿಯೋ, ಮಣ್ಣಾಗ ಕುಂದ್ರಸ್ತಿಯೋ?"

"ನಿನ್ನ ಕುಂಡಿಗಿ ತಕ್ಕ ಕುರ್ಚಿ ಜೇವರ್ಗ್ಯಾಗೂ ಸಿಗಂಗಿಲ್ಲ ಬೇ."

ಎಲ್ಲರೂ ನಕ್ಕರು, ಅಜ್ಜಿಯೂ ನಕ್ಕಳು. ಎಲ್ಲರೂ "ಬರ್ತೇವಿ" ಎಂದರು. ಯಾರೊಬ್ಬರೂ ಇಲ್ಲವೆನ್ನಲಿಲ್ಲ. ನಮ್ಮ ಸೀಮೆಯಲ್ಲಿ ಇಲ್ಲವೆನ್ನುವುದು ಅಸಭ್ಯ. ಕೊಲ್ಲುವವರೂ "ಬರ್ರಿ, ಕುಂದರ್ರಿ" ಎಂದು ಚಾಪೆ ಹಾಸಿಯೇ ಕೊಲ್ಲುತ್ತಾರೆ.

ಹಬ್ಬದ ದಿನ ಅವಳು ಕೋಳಿ ಕೂಗುವ ಮೊದಲೇ ಎದ್ದು ಅಡುಗೆಗೆ ನಿಂತಿದ್ದಳೆಂದು ಅವಳ ಹಿರಿಮಗಳು ಹೇಳಿದಳು. ಬಜ್ಜಿಗೆ ಹಾಕಿದ ಸೊಪ್ಪೆಲ್ಲ ತೋಟದ್ದು, ಹಸಿ ತೊಗರಿಕಾಳು ಕೂಲಿಗೆ ಹೋದ ಹೊಲದಲ್ಲಿ ಕೇಳಿ ತಂದದ್ದು. ಶುದ್ಧ ಸಸ್ಯದ ಅಡುಗೆ. ಅಜ್ಜಿಯವರು ಉಣ್ಣಬೇಕಲ್ಲ ಎಂದು ಹೊಸ ಗಡಿಗೆಯನ್ನೇ ತಂದಿದ್ದಳು. ಪಾತಿಯ ಮೂಲೆಯಲ್ಲಿ ಐದು ಕಲ್ಲು ಕೂರಿಸಿದ್ದಳು. ಅವಳು ಮೆಂತೆಯ ಸಾಲಿನಲ್ಲಿ ಚರಗ ಚೆಲ್ಲಿದಾಗ ನಾನು ಪಕ್ಕದಲ್ಲೇ ಇದ್ದೆ. ಸಾಲು ಚಿಕ್ಕದು, ಮೂರು ಹೆಜ್ಜೆಗೆ ಮುಗಿದುಹೋಯಿತು. ಅವಳು ಅಷ್ಟಕ್ಕೇ ನಿಲ್ಲಲಾರದೆ ಮತ್ತೆ ಹಿಂದಿರುಗಿ ಇನ್ನೊಮ್ಮೆ ಚೆಲ್ಲಿದಳು.

ಹೊತ್ತು ಇಳಿದಾಗ ಎಲ್ಲರೂ ಬಂದರು. ಇದನ್ನು ಒತ್ತಿ ಹೇಳಬೇಕು, ಎಲ್ಲರೂ ಬಂದರು. ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಬಂದರು. ಪಾಂಡವರಿಗೆ ಕೈಮುಗಿದರು. ಮೆಂತೆ ನೋಡಿ, ಬದನೆ ನೋಡಿ ಹೊಗಳಿದರು. ಅವಳು ಹಾಸಿದ ಕೌದಿಯ ಅಂಚಿನಾಚೆ, ಬರಿಯ ಮಣ್ಣಿನ ಮೇಲೆ, ಸೀರೆ ಮಾಸುವುದನ್ನೂ ಲೆಕ್ಕಿಸದೆ ಕೂತರು. ಅವಳು ತಾಟು ಹಾಕಿ, ಬಜ್ಜಿಯ ಗಡಿಗೆಗೆ ಸೌಟು ಇಳಿಸಿದಳು.

"ಊಟ ಆಗ್ಯಾದವ್ವ," ಎಂದಳು ಸಾಹುಕಾರ್ತಿ. "ಹೊಟ್ಟಿ ಗಡಿಗಿ ಆಗ್ಯಾದ ನೋಡು."

"ಒಂದ ತುತ್ತು..."

"ಹಾಂ ಹಾಂ, ಆತು ತಗೋ. ಉಂಡಂಗ ಆತು. ನೀ ಕರೆದೆಲ್ಲ, ಅದ ಸಾಕು."

ಮತ್ತೊಬ್ಬಳಿಗೆ ಹಲ್ಲುನೋವು. ಇನ್ನೊಬ್ಬಳಿಗೆ ಸಂಜೆ ಉಣ್ಣದ ವ್ರತ. ಅಜ್ಜಿ ಕರೆದವಳ ತಲೆಯ ಮೇಲಿನ ಗಾಳಿಯನ್ನು ಕೈಯಿಂದ ಸವರಿ, ಮುಟ್ಟದೆ, ಹರಸಿದಳು. "ಪೂಜಿ ಇಲ್ಲದ ಕಡೆ ನಾ ನೀರೂ ಮುಟ್ಟಂಗಿಲ್ಲ ತಂಗಿ, ನಿನಗ ಗೊತ್ತದಲ್ಲ." ಆಮೇಲೆ ಸಾಹುಕಾರ್ತಿ ತಾನು ತಂದ ಡಬ್ಬಿ ತೆರೆದಳು. ಅದರಲ್ಲಿ ತನ್ನ ಹೊಲದ ಬಜ್ಜಿ, ತನ್ನ ಮನೆಯ ರೊಟ್ಟಿ. ಊರಾಚೆಯವಳು ಅತಿಥಿಗಾಗಿ ಇಟ್ಟಿದ್ದ ಖಾಲಿ ತಾಟಿಗೇ ಅದನ್ನು, ಸ್ವಲ್ಪ ಎತ್ತರದಿಂದ, ಬಿಟ್ಟಳು.

"ನೀ ಉಣ್ಣವ್ವ. ದಣದೀದಿ. ಮಕ್ಕಳಿಗೂ ಕೊಡು."

ತನ್ನ ಪಾತಿಯಲ್ಲಿ, ತಾನು ಚರಗ ಚೆಲ್ಲಿದ ಮಣ್ಣಿನ ಮೇಲೆ, ಅವಳು ಮತ್ತೆ ಉಣ್ಣುವವಳಾದಳು.

ನಾನು ತಾಟು ಎಳೆದುಕೊಂಡು ಉಂಡೆ. ಎರಡು ಸಲ ಬಡಿಸಿಕೊಂಡೆ. ನಾನು ಉಂಡರೆ ಒಂದು ಉದಾಹರಣೆಯಾಗುತ್ತದೆ, ಉದಾಹರಣೆಯ ಹಿಂದೆ ಜನ ಬರುತ್ತಾರೆ ಎಂಬ ಲೆಕ್ಕ ನನ್ನದು. ಹೊಲಿಗೆಯವಳು ಅದನ್ನು ಒಂದೇ ಮಾತಿನಲ್ಲಿ ಮುಗಿಸಿದಳು. "ಅಕ್ಕಾರು ಓದಿದವರು. ಓದಿದವರಿಗಿ ಎಲ್ಲಾ ನಡೀತದ." ನನ್ನ ಸಾಕ್ಷ್ಯ ದಾಖಲಾಗಲೇ ಇಲ್ಲ.

ಆಗ ನಾನು ಅಜ್ಜಿಯನ್ನು ನೇರವಾಗಿ ಕೇಳಿದೆ. ನಿನ್ನೆ ನಿಮ್ಮ ಮನೆಯಲ್ಲಿ ಬೆಂದ ಮೆಂತೆ ಇದೇ ಪಾತಿಯದು. ಈ ಗಡಿಗೆಯಲ್ಲಿರುವ ಮೆಂತೆಯೂ ಇದೇ ಪಾತಿಯದು. ನಡುವೆ ಬಂದದ್ದು ಬೆಂಕಿಯೊಂದೇ. ಹಸಿ ಇದ್ದಾಗ ಶುದ್ಧವಿದ್ದದ್ದನ್ನು ಬೆಂಕಿ ಕೆಡಿಸುತ್ತದೆಯೇ?

ಅಜ್ಜಿಗೆ ಸಿಟ್ಟು ಬರಲಿಲ್ಲ. ಮೊಮ್ಮಗುವಿಗೆ ಅಕ್ಷರ ತಿದ್ದಿಸುವ ದನಿಯಲ್ಲಿ ಹೇಳಿದಳು. "ಬೆಂಕಿ ಏನೂ ಮಾಡಿಲ್ಲವ್ವ. ಕೈ ಮಾಡ್ಯಾದ."

ದಾಸೋಹವನ್ನು ಹಾಡಿ ಹೊಗಳುವ ಬಾಯಿಯಿಂದ ಅದು ಬಂತು, ಯಾವ ವೈರವೂ ಇಲ್ಲದೆ ಬಂತು. ನಾನು ಮಾತು ಮುಂದುವರಿಸಲು ಹೊರಟಾಗ ಊರಾಚೆಯವಳೇ ತಡೆದಳು.

"ಸುಮ್ಕಿರ್ರಿ ಅಕ್ಕಾರ. ಕರದಾಕಿ ನಾ. ವಾದಾ ಮಾಡಿ ಉಣಿಸಾಕ ಬರಂಗಿಲ್ಲ."

ಸಾಹುಕಾರ್ತಿ ಹಾಕಿದ್ದ ರೊಟ್ಟಿಯನ್ನು ಮಕ್ಕಳ ಕಡೆ ಸರಿಸಿ ಅವಳು ಎದ್ದಳು. ಬಜ್ಜಿಯ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗೊಬ್ಬರದ ಗುಂಡಿಯ ತನಕ ನಡೆದಳು. ಎಲ್ಲರೂ ನೋಡುತ್ತಿದ್ದಂತೆ ಗಡಿಗೆ ಬೋರಲು ಮಾಡಿದಳು. ಅತಿಥಿಗಳಿಗೆಂದು ಮತ್ತೆ ಬಿಸಿ ಮಾಡಿದ್ದ ಬಜ್ಜಿ ಸಿಪ್ಪೆ ಸಗಣಿಯ ಮೇಲೆ ಹರಡಿ ಉಗಿ ಎದ್ದಿತು.

"ನೀವು ಉಣಲಿಲ್ಲ. ಭೂಮಿ ಉಂತದ. ಉಂಡು ಮುಂದಿನ ಪಲ್ಯಾದಾಗ ನಿಮಗ ಉಣಸ್ತದ. ಆಗ ಯಾರ ಕೈ ಅಂತ ಕೇಳ್ರಿ."

ಎಲ್ಲರೂ ಎದ್ದರು. ಸೀರೆಯ ಮಣ್ಣು ಕೊಡವಿಕೊಂಡು, "ಬರ್ತೇವವ್ವ, ಚಲೋ ಆತು" ಎಂದು ಹೇಳಿ ಹೋದರು.

ಅದಾದ ಮೇಲಿನ ಮೊದಲ ಸಭೆಗೆ ಅವಳಿಗೆ ಬರಲಾಗಲಿಲ್ಲ. ತೊಗರಿ ಕೊಯ್ಲಿನ ಕೂಲಿಯಿತ್ತು. ಗುಂಡಿಯ ವಿಷಯವನ್ನು ಸಾಹುಕಾರ್ತಿ ಎತ್ತಿದಳು. ಜಾತಿಯ ಸೊಲ್ಲೇ ಇಲ್ಲ, ಹಬ್ಬದ ಸೊಲ್ಲೂ ಇಲ್ಲ.

"ಗುಂಡಿಗಿ ಬೆಂದದ್ದು ಬಿದ್ದದ. ನಿಯಮ ಮುರದದ. ಇಲಿ ಬರ್ತಾವಂತ ನೀವ ಹೇಳಿದ್ರೆಲ್ಲ ಅಕ್ಕಾರ?"

ಅಂದು ಅಷ್ಟು ಬೇಗ ಒಮ್ಮತ ಏಕೆ ಬಂದಿತ್ತು ಎಂಬುದು ನನಗೆ ಆಗ ತಿಳಿಯಿತು. ನಾನು ಇಲಿಗಳ ವಿಷಯ ಮಾತಾಡುತ್ತಿದ್ದಾಗ ಅವರು ಕೈಗಳ ವಿಷಯ ಯೋಚಿಸುತ್ತಿದ್ದರು. ಹಸಿ ಸಿಪ್ಪೆ ಯಾರ ಮನೆಯದಾದರೂ ಸಿಪ್ಪೆ. ಬೆಂದ ಅನ್ನಕ್ಕೆ ಮಾತ್ರ ಮನೆಯಿದೆ, ಓಣಿಯಿದೆ. ಎರಡು ನಿಯಮಗಳು ಒಂದೇ ವಾಕ್ಯದೊಳಗೆ ವಾಸವಾಗಿದ್ದವು, ನಾನು ಅದಕ್ಕೆ ವಿಜ್ಞಾನದ ಮುದ್ರೆ ಒತ್ತಿದ್ದೆ. ಒಂದು ಗಡಿಗೆ ಬಜ್ಜಿಯಿಂದ ಗುಂಡಿ ಕೆಡುವುದಿಲ್ಲ, ಬಿಸಿಲು ಬಂದರೆ ಎಲ್ಲ ಮಣ್ಣಾಗುತ್ತದೆ ಎಂದೆ. ಎಲ್ಲರೂ ಗೌರವದಿಂದ ಕೇಳಿದರು. ಚರ್ಚಾಸ್ಪರ್ಧೆಯಲ್ಲಿ ತೀರ್ಪುಗಾರರು ಹೊರಗಿನಿಂದ ಬಂದಿರುತ್ತಾರೆ. ಇಲ್ಲಿ ಎದುರಾಳಿಗಳೇ ತೀರ್ಪುಗಾರರು. ಹೇಗೂ ಹಳೆಯ ಗುಂಡಿ ತುಂಬುತ್ತ ಬಂದಿದೆ, ಇನ್ನೊಂದು ತೋಡೋಣ ಎಂದು ಯಾರೋ ಹೇಳಿದರು. ಅದು ನ್ಯಾಯವಾದ ಮಾತೇ ಆಗಿತ್ತು. ಒಪ್ಪಿದೆ.

ಅಗೆತದ ಕರೆ ಹೋಯಿತು. ಕರೆ ಹೋದರೆ ಎಲ್ಲರೂ ಬರಬೇಕು, ಅವಳೂ ಬಂದಳು. ಹಬ್ಬದ ನಂತರ ಮೊದಲ ಸಲ ಎಲ್ಲರ ನಡುವೆ ನಿಂತಳು. ಕರಿಮಣ್ಣು ಒಣಗಿ ಕಲ್ಲಾಗಿತ್ತು. ಉಳಿದವರು ಸರದಿಯಲ್ಲಿ ಕೈ ಬದಲಿಸುತ್ತಿದ್ದರೆ ಅವಳು ಗುಂಡಿಯಿಂದ ಮೇಲೆ ಬರಲೇ ಇಲ್ಲ. ಜಗಳ ಮರೆಯಬೇಕೆಂದು ಅವಳ ಮೈ ದುಡಿಯುತ್ತಿತ್ತು. ಅವಳು ಎಸೆದ ಹೆಂಟೆಗಳನ್ನು ಸಾಹುಕಾರ್ತಿ ಪುಡಿಮಾಡಿ ತನ್ನ ಪಾತಿಗೆ ಎಳೆದುಕೊಳ್ಳುತ್ತಿದ್ದಳು. ಸೊಂಟದ ಆಳಕ್ಕೆ ಇಳಿದಾಗ ಅವಳು ಬೆವರು ಒರೆಸಿ ತಲೆಯೆತ್ತಿದಳು.

"ಸಾಕಲ್ಲ? ಎರಡು ವರ್ಷ ಎಲ್ಲಾ ಮನಿದೂ ಹಿಡಿಸ್ತದ."

ಸಾಹುಕಾರ್ತಿ ಬಗ್ಗಿ, ಬಹಳ ಮೃದುವಾಗಿ ಹೇಳಿದಳು. ಅಲ್ಲಿಯವರೆಗೆ ಅವಳನ್ನು 'ನೀ' ಎನ್ನುತ್ತಿದ್ದವಳು ಅಂದು ಮೊದಲ ಬಾರಿ ಬಹುವಚನ ಬಳಸಿದಳು.

"ಇದು ನಮಗಿರಲಿ. ನೀವು ಹಳೇ ಗುಂಡಿಗೇ ಹಾಕ್ರಿ. ಅದನ್ನ ಪೂರಾ ನಿಮಗ ಬಿಟ್ಟೇವಿ. ಹಸೀದು ಹಾಕ್ರಿ, ಬೆಂದದ್ದು ಹಾಕ್ರಿ, ಯಾರೂ ಕೇಳಂಗಿಲ್ಲ."

ಅವಳು ಗುಂಡಿಯೊಳಗೇ ನಿಂತಿದ್ದಳು. ನಾವೆಲ್ಲ ಸುತ್ತ ಮೇಲಿದ್ದೆವು. ಆ ನೋಟವನ್ನು ಯಾವ ಅಲಂಕಾರವೂ ಇಲ್ಲದೆ ಹೇಳುವುದು ಒಳ್ಳೆಯದು.

"ತೋಡಿದ ಕೈ ನಂದಲ್ಲರಿ?" ಎಂದಳು. "ಈ ಮಣ್ಣ ನಿಮ್ಮ ಪಾತಿಗಿ ಹೋಗ್ಯಾದ."

ಉತ್ತರ ಹೊಲಿಗೆಯವಳಿಗೆ ಹೊಳೆಯಿತು.

"ಮಣ್ಣ ಹಸೀದಲ್ಲೇನ ಬೇ!"

ನಗು ಎದ್ದಿತು. ಬಿಗಿದುಕೊಂಡಿದ್ದವರೆಲ್ಲ ಬಿಡುಗಡೆಯಾದಂತೆ ನಕ್ಕರು. ಒಬ್ಬಳಿಗೆ ನಕ್ಕು ನಕ್ಕು ಕೆಮ್ಮು ಬಂತು. ನಾನು "ನಿಲ್ಲಿಸ್ರಿ" ಎಂದು ಕೂಗಿದೆ. ನಿಲ್ಲಿಸಿದರು, ಕ್ಷಮೆಯನ್ನೂ ಕೇಳಿದರು. ನನ್ನಲ್ಲಿ ಕೇಳಿದರು. ಅವಳು ಸಲಿಕೆಯನ್ನು ಮೇಲೆ ಎಸೆದು, ಕೈ ಊರಿ ಹತ್ತಿ ಬಂದಳು. ಯಾರೂ ಕೈ ಕೊಡಲಿಲ್ಲ. ನಾನು ಕೊಟ್ಟ ಕೈಯನ್ನು ಅವಳು ನೋಡಲಿಲ್ಲ.

ಮರುದಿನ ಅವಳ ಮನೆಗೆ ಹೋದೆ. ಪಾತಿ ಬಿಡಬೇಡ, ಮೂರು ಮಕ್ಕಳಿಗೆ ದಿನವೂ ಸೊಪ್ಪು ಸಿಗುತ್ತಿದೆ, ನೀನು ಬಿಟ್ಟರೆ ಅವರೇ ಗೆಲ್ಲುತ್ತಾರೆ, ಕಾಲ ಬದಲಾಗುತ್ತದೆ ಎಂದೆ. ಒಂದೊಂದು ಮಾತೂ ಸರಿಯಾಗಿತ್ತು.

"ಪಲ್ಯಾ ಕಾಣದಾಕಿ ಏನ್ರಿ ನಾ?" ಎಂದಳು. "ಹೊಲದ ಬದುವಿನ್ಯಾಗ ಹಕ್ಕರಕಿ ಪಲ್ಯಾ ತಾನ ಬೆಳೀತದ. ಆಯ್ಕೊಂಡ ಬಂದು ಮಕ್ಕಳಿಗಿ ಹಾಕ್ತೇನಿ. ನಾ ಪಲ್ಯಾಕ ಬಂದಾಕಿ ಅಲ್ಲ. ಯಾಕ ಬಂದೀನಂತ ಮೊದಲನೇ ದಿನಾನ ನಿಮಗ ಹೇಳೀನಿ."

"ಮುಂದಿನ ವರ್ಷ ಒಬ್ಬಿಬ್ಬರಾದರೂ ಉಣ್ಣಬಹುದು."

"ಮುಂದಿನ ವರ್ಷ ಕರಿಯಾಕಿ ಇರಬೇಕಲ್ಲ ಅಕ್ಕಾರ."

ಅವಳು ಪಾತಿಗೆ ಮತ್ತೆ ಬರಲಿಲ್ಲ. ನಿಂತ ಮೆಂತೆ ಬಾಡುವ ಮೊದಲೇ ಅವಳದೇ ಓಣಿಯ ಇನ್ನೊಬ್ಬಳು ಟಾಕಿಯ ಬಳಿ ನನ್ನನ್ನು ಕಾದು ನಿಂತಿದ್ದಳು. ಹರೆಯದ ಹೆಂಗಸು, ಕಂಕುಳಲ್ಲಿ ಕೂಸು. ಕೂಸಿನ ಕಣ್ಣ ಕೆಳರೆಪ್ಪೆಯನ್ನು ಅಭ್ಯಾಸಬಲದಿಂದ ಎಳೆದು ನೋಡಿದೆ. ಸುಣ್ಣದಂತೆ ಬೆಳ್ಳಗಿತ್ತು.

"ಆ ಪಾತಿ ನನಗ ಕೊಡ್ರಿ," ಎಂದಳು. ಸಭೆಯಲ್ಲಿ ಎಲ್ಲರನ್ನೂ ಕೇಳಿದಂತೆ ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ಕೂಸು ಎದುರಿಗಿತ್ತು. ನಾನು ಸುಮ್ಮನಿದ್ದುದನ್ನು ಅನುಮಾನವೆಂದು ತಿಳಿದು, ಟಾಕಿಯ ಆಚೆ ನೀರು ತುಂಬಿಸುತ್ತಿದ್ದ ಸಾಹುಕಾರ್ತಿಗೂ ಕೇಳುವಷ್ಟು ಗಟ್ಟಿಯಾಗಿ ಅವಳೇ ಸೇರಿಸಿದಳು:

"ನಾ ಯಾರನ್ನೂ ಉಣ್ಣಾಕ ಕರಿಯಂಗಿಲ್ರಿ. ನನ್ನ ಕೂಸಿನಾಣಿ ಮಾಡ್ತೇನಿ."

ಪಾತಿಯನ್ನು ಅವಳಿಗೆ ಕೊಟ್ಟೆ. ಆ ವಾರದ ಬುಟ್ಟಿಗೆ ಬಿದ್ದ ಮೆಂತೆಯನ್ನು ಕೊಯ್ದವಳು ಅವಳೇ. ಸಾಹುಕಾರ್ತಿ ಅದೇ ಕಟ್ಟನ್ನು ಆರಿಸಿಕೊಂಡು ಹೋದಳು.